ಸಿಸೇರಿಯನ್ ಆದ ಬಾಣಂತಿ ಮೊಬೈಲ್ ನೋಡಿ ಹಾಲುಣಿಸೋದು ಕಲಿಯಬಹುದೇ?

ಹೆಂಡತಿಗೆ ಸಿಸೇರಿಯನ್ ಆಗಿ ಎರಡು ದಿನ, ಕೂಸು ಎದೆ ಹಿಡೀತಿಲ್ಲ, ಮನೆಯಲ್ಲಿ ಡಬ್ಬಿ ಹಾಲು ತಾ ಅಂತಿದ್ದಾರೆ, ವಿಡಿಯೊ ನೋಡಿ ಕಲಿಯಬಹುದಾ ಅಂತ ಕೇಳಿದ್ದೀರಿ. ಕಲಿಯಬಹುದು. ವಿಜಯಪುರದ ಆಸ್ಪತ್ರೆಯೊಂದರಲ್ಲಿ ನಾನೂ ಹಾಗೇ ಕಲಿತವಳು. ಆದರೆ ನನಗೆ ಹೆಚ್ಚು ಕಲಿಸಿದ್ದು ಯೂಟ್ಯೂಬ್ ಅಲ್ಲ, ನಮ್ಮನೆಯವರು ಫೋನಿನಲ್ಲಿ ತೆಗೆದ ಅರ್ಧ ನಿಮಿಷದ ವಿಡಿಯೊ.

ಎರಡನೇ ದಿನ ಹೊಲಿಗೆ ಎಳೀತಿತ್ತು, ಕೈಗೆ ಸಲೈನ್, ಕೂಸನ್ನ ಹೊಟ್ಟೆ ಹತ್ತಿರ ತರೋಕೂ ಹೆದರಿಕೆ. ಚಿಗವ್ವ ಬಂದವಳೇ, ‘ಹೊಟ್ಟಿ ಕೊಯ್ದಾರಿಗೆ ಹಾಲು ಎಲ್ಲಿಂದ ಬರಬೇಕವಾ’ ಅಂದುಬಿಟ್ಟಳು. ಆ ಮಾತು ಸುಳ್ಳು. ಮಾಸು ಹೊರಗೆ ಬಂದ ಮೇಲೆ ಮೈ ಹಾಲಿಗೆ ತಯಾರಾಗುತ್ತೆ, ಅದು ಯಾವ ದಾರಿಯಿಂದ ಬಂತು ಅನ್ನೋದು ಲೆಕ್ಕಕ್ಕಿಲ್ಲ. ನೋವು, ದಣಿವು, ಕೂಸನ್ನ ಎದೆಗೆ ಹಾಕೋದು ತಡವಾಗೋದು, ಇವುಗಳಿಂದ ಹಾಲು ಇಳಿಯೋದು ಒಂದೆರಡು ದಿನ ಹಿಂದೆ ಬೀಳಬಹುದು ಅಷ್ಟೆ. ಅಲ್ಲಿವರೆಗೆ ಹಳದಿ ಗಿಣ್ಣದ ಹಾಲು ಇರುತ್ತೆ. ಮೊದಲ ದಿನ ಕೂಸಿಗೆ ಒಂದು ಸಲಕ್ಕೆ ಸಿಗೋದೇ 2ರಿಂದ 10 ಮಿಲಿ. ಸಿಸ್ಟರ್ ಕೈಯಿಂದ ಹಿಂಡಿ ಸ್ಟೀಲ್ ಚಮಚದಲ್ಲಿ ತೋರಿಸಿದಾಗ ಅವ್ವ ‘ಇಷ್ಟಽ?’ ಅಂದಿದ್ದಳು. ಹೌದು, ಅಷ್ಟೇ.

ವಿಡಿಯೊ ಹುಡುಕುವಾಗ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನ ಆರೋಗ್ಯ ಸರಣಿ ನೋಡಿ, ಕನ್ನಡದಲ್ಲೂ ಇದೆ. ಹೆಂಡತಿ ಜೊತೆ ಬಾಣಂತನ ಮಾಡೋರೂ ನೋಡಬೇಕು, ಕೂಸನ್ನ ಎತ್ತಿ ಕೊಡೋರು ಅವರೇ ತಾನೇ. ಸಿಸೇರಿಯನ್ ಆದವರಿಗೆ ಎರಡು ಭಂಗಿ ಅನುಕೂಲ: ಮಗ್ಗುಲಾಗಿ ಮಲಗಿ ಕುಡಿಸೋದು, ಇಲ್ಲವೇ ಬಗಲಲ್ಲಿ ಗಂಟು ಇಟ್ಟುಕೊಂಡ ಹಾಗೆ ಕೂಸಿನ ಕಾಲು ಹಿಂದಕ್ಕೆ ಹೋಗುವಂತೆ ಹಿಡಿಯೋದು. ಎರಡರಲ್ಲೂ ಹೊಲಿಗೆ ಮೇಲೆ ಭಾರ ಬೀಳಲ್ಲ.

ಇಷ್ಟೆಲ್ಲ ನೋಡಿದರೂ ನನ್ನ ಕೂಸು ಒದರೋದು ನಿಲ್ಲಲಿಲ್ಲ. ಆಗ ರಾತ್ರಿ ಪಾಳಿಯ ಸಿಸ್ಟರ್, ‘ನಿಮ್ಮ ಮನಿಯವರಿಗೆ ಬಾಜೂಕ ನಿಂತು ಫೋನ್ ಹಿಡಿಯಾಕ ಹೇಳ್ರಿ’ ಅಂದರು. ಮೇಲಿಂದ ಬಗ್ಗಿ ನೋಡೋ ತಾಯಿಗೆ ಕೂಸಿನ ಗದ್ದ, ಕೆಳತುಟಿ ಕಾಣೋದೇ ಇಲ್ಲ. ವಿಡಿಯೊದಲ್ಲಿ ಕಂಡಿತು: ಕೆಳತುಟಿ ಒಳಗೆ ಮಡಚಿದೆ, ಬಾಯಲ್ಲಿ ಬರೀ ತೊಟ್ಟು, ಗದ್ದ ಎದೆಗೆ ತಾಗೇ ಇಲ್ಲ. ತೊಟ್ಟನ್ನ ಕೂಸಿನ ಮೂಗಿನ ನೇರಕ್ಕೆ ತಂದು, ಆಕಳಿಸಿದಷ್ಟು ಬಾಯಿ ತೆರೆಯೋವರೆಗೂ ಕಾದು, ಗದ್ದ ಮೊದಲು ತಾಗೋ ಹಾಗೆ ಹಾಕಿಸಿದರು. ಮತ್ತೆ ತೆಗೆದ ವಿಡಿಯೊದಲ್ಲಿ ಗುಟುಕಿನ ಸದ್ದೂ ಕೇಳುತ್ತಿತ್ತು. ಎರಡನ್ನೂ ಅಲ್ಲೇ ಅಳಿಸಿದೆವು. ನೀವೂ ಅಳಿಸಿ. ಫೋಟೊ ತಾನಾಗೇ ಬ್ಯಾಕಪ್ ಆಗೋದನ್ನ ಮೊದಲೇ ಆಫ್ ಮಾಡಿಡಿ.

ಎಡ, ಬಲ, ಎಷ್ಟು ನಿಮಿಷ ಅಂತ ಲೆಕ್ಕ ಇಡೋ ಆ್ಯಪ್ ಬೇಡ. ನಾನು ಕೂಸಿನ ಮುಖ ಬಿಟ್ಟು ಗಡಿಯಾರ ನೋಡುತ್ತಿದ್ದೆ, ನಾಲ್ಕನೇ ದಿನ ತೆಗೆದು ಹಾಕಿದೆ. ದಿನಕ್ಕೆ 8ರಿಂದ 12 ಸಲ ಕುಡಿಸಲಿ. 5ನೇ ದಿನದ ಮೇಲೆ ದಿನಕ್ಕೆ 6 ಸಲವಾದರೂ ಲಂಗೋಟಿ ಒದ್ದೆಯಾದರೆ ಹಾಲು ಸಾಲುತ್ತಿದೆ ಅಂತ ತಿಳಿಯಿರಿ. ಅಳವಿ ಪಾಯಸ, ಅಂಟಿನುಂಡಿ ಬಾಣಂತಿ ತಿನ್ನಲಿ, ಆದರೆ ಹಾಲು ಹೆಚ್ಚೋದು ಕೂಸು ಸರಿಯಾಗಿ ಚೀಪಿದಾಗಲೇ. ಕೂಸಿಗೆ ಜೇನು ನೆಕ್ಕಿಸಬೇಡಿ.

ಡಬ್ಬಿ ಹಾಲು ಡಾಕ್ಟರೇ ಕೂಸಿನ ತೂಕ, ಶುಗರ್ ನೋಡಿ ಕೊಡಿ ಅಂದರೆ ಕೊಡಿ, ಅದರಲ್ಲಿ ತಪ್ಪೇನಿಲ್ಲ. ಯಾವುದೋ ವಿಡಿಯೊ ಹೇಳಿತು ಅಂತ ಮಾತ್ರ ತರಬೇಡಿ, ಅದರ ಪ್ರಚಾರವನ್ನೇ 1992ರ ಕಾಯ್ದೆ ನಿಷೇಧಿಸಿದೆ. ಕೂಸು ಎಬ್ಬಿಸಿದರೂ ಏಳದಿದ್ದರೆ, ಉಚ್ಚೆ ಕಡಿಮೆಯಾದರೆ, ಮೈ ಹಳದಿಯಾದರೆ ಫೋನ್ ಬದಿಗಿಟ್ಟು ಡಾಕ್ಟರನ್ನ ಕರೀರಿ. ಇನ್ನೂ ಆಸ್ಪತ್ರೆಯಲ್ಲೇ ಇದ್ದರೆ, ಡಿಸ್ಚಾರ್ಜ್‌ಗೆ ಮುಂಚೆ ಒಂದು ಸಲ ಸಿಸ್ಟರ್ ಎದುರಿಗೇ ಕುಡಿಸಿ.