ಭೌತಶಾಸ್ತ್ರ ಕಲಿಯಲು ವಿಆರ್ (ವರ್ಚುವಲ್ ರಿಯಾಲಿಟಿ, ಅಂದರೆ ಹೆಡ್‌ಸೆಟ್ ಹಾಕಿಕೊಂಡು ಸುತ್ತಲೂ ಮೂರು ಆಯಾಮದ ದೃಶ್ಯ ನೋಡುವ ತಂತ್ರ) ನಿಜವಾಗಿ ಉಪಯೋಗಕ್ಕೆ ಬರುತ್ತದೆಯೇ?

ಬರುತ್ತದೆ, ಆದರೆ ಎಲ್ಲ ಪಾಠಕ್ಕೂ ಅಲ್ಲ. ಮೂರು ಆಯಾಮದಲ್ಲಿ ನಡೆಯುವುದನ್ನು ಹಾಳೆಯ ಮೇಲೆ ಚಪ್ಪಟೆ ಮಾಡಿ ಕಲಿಸುವ ಕಡೆ ಅದರ ಬೆಲೆ ಗೊತ್ತಾಗುತ್ತದೆ.

ಕಾಂತಕ್ಷೇತ್ರದಲ್ಲಿ ಓಡುವ ಎಲೆಕ್ಟ್ರಾನನ್ನೇ ತೆಗೆದುಕೊಳ್ಳಿ. ಪಿಯುಸಿ ಪುಸ್ತಕದಲ್ಲಿ ಕ್ಷೇತ್ರ ಹಾಳೆಯ ಒಳಗೆ ಹೋದರೆ ಗುಣಿಸುವ ಚಿಹ್ನೆ, ಹೊರಗೆ ಬಂದರೆ ಚುಕ್ಕಿ, ನಡುವೆ ಒಂದು ವೃತ್ತ. ಎಷ್ಟೋ ಮಕ್ಕಳು ಆ ವೃತ್ತವನ್ನು ಸುಮ್ನೆ ಬಾಯಿಪಾಠ ಮಾಡಿಬಿಡುತ್ತಾರೆ. ವಿಆರ್‌ನಲ್ಲಿ ಕ್ಷೇತ್ರದ ಬಾಣಗಳು ನಿಮ್ಮ ಪಕ್ಕದಲ್ಲೇ ಹಾದುಹೋಗುತ್ತವೆ. ಎಲೆಕ್ಟ್ರಾನನ್ನು ಅವಕ್ಕೆ ನೇರ ಅಡ್ಡವಾಗಿ ಬಿಟ್ಟರೆ ವೃತ್ತದಲ್ಲಿ ಸುತ್ತುತ್ತದೆ. ಸ್ವಲ್ಪ ಓರೆಯಾಗಿ ಬಿಡಿ, ಸ್ಪ್ರಿಂಗ್‌ನಂತೆ ಸುರುಳಿ ಸುತ್ತುತ್ತಾ ಮುಂದೆ ಸಾಗುತ್ತದೆ. ಕ್ಷೇತ್ರದ ದಿಕ್ಕಿನಲ್ಲಿರುವ ವೇಗದ ಭಾಗಕ್ಕೆ ಬಲವೇ ತಾಗುವುದಿಲ್ಲ, ಅದಕ್ಕೇ ಹೀಗೆ. ಈಗ ನಡೆದು ಸುರುಳಿಯ ತುದಿಗೆ ಬಂದು, ಅದರ ಉದ್ದಕ್ಕೆ ಕಣ್ಣು ಹಾಯಿಸಿ. ಪುಸ್ತಕದ ಅದೇ ವೃತ್ತ ಕಾಣುತ್ತದೆ! ಆ ಚಿತ್ರ ಯಾವ ಕಡೆಯಿಂದ ನೋಡಿ ಬರೆದದ್ದು ಅಂತ ಆಗ ಅರ್ಥವಾಗುತ್ತದೆ. (ಧ್ರುವಪ್ರದೇಶದ ಅರೋರಾ ಬೆಳಕಿಗೆ ಕಾರಣವಾದ ಎಲೆಕ್ಟ್ರಾನುಗಳು ಇಳಿಯುವುದೂ ಹೀಗೆ ಸುರುಳಿ ಸುತ್ತುತ್ತಲೇ.)

ಹೀಗೆ ನಡೆದಾಡಲು ಮೆಟಾ ಕ್ವೆಸ್ಟ್‌ನಂಥ ಹೆಡ್‌ಸೆಟ್ ಬೇಕು. 2014ರಲ್ಲಿ ಬಂದ, ಒಳಗೆ ಫೋನ್ ಇಟ್ಟು ನೋಡುವ ರಟ್ಟಿನ ಗೂಗಲ್ ಕಾರ್ಡ್‌ಬೋರ್ಡ್ ಅಗ್ಗ, ಆದರೆ ಅದು ತಲೆ ತಿರುಗಿಸಿದ್ದನ್ನು ಮಾತ್ರ ಗುರುತಿಸುತ್ತದೆ, ಹೆಜ್ಜೆ ಇಟ್ಟಿದ್ದನ್ನಲ್ಲ.

ನೇರ ರಸ್ತೆಯಲ್ಲಿ ಓಡುವ ಕಾರಿನ ವೇಗ, ವೇಗೋತ್ಕರ್ಷಕ್ಕೆ ಗ್ರಾಫ್ ಹಾಳೆಯೇ ಸಾಕು, ಅಲ್ವಾ? ಶಿಕ್ಷಕರಿಗೆ ಒಂದು ಮಾತು: ಹೆಡ್‌ಸೆಟ್ ಹಾಕುವ ಮೊದಲು ಎಲೆಕ್ಟ್ರಾನ್ ಯಾವ ಕಡೆ ಬಾಗುತ್ತದೆ ಎಂದು ಮಕ್ಕಳಿಂದ ಬರೆಸಿಕೊಳ್ಳಿ.