ಹಳೆಯ ಬುಲೆಟ್‌ಗೆ 18 ಇಂಚಿನ ಚಕ್ರ ಹೊಂದುತ್ತದೆಯೇ?

ಪ್ರಶ್ನೆ: ನನ್ನ ಹಳೆಯ ಬುಲೆಟ್ 350ರ ಎರಡೂ ಚಕ್ರಗಳು 19 ಇಂಚಿನವು. ಮುಂದಿನದನ್ನು ಮಾತ್ರ 18 ಇಂಚಿಗೆ ಬದಲಿಸಬಹುದೇ?

ಉತ್ತರ: ಬದಲಿಸಬಹುದು, ಆದರೆ ಗಾಡಿಯ ನಡೆಯೇ ಬದಲಾಗುತ್ತದೆ. ಟೈರಿನ ದಪ್ಪ ಮೊದಲಿನಷ್ಟೇ ಇದ್ದರೆ ಮುಂಭಾಗ ಸುಮಾರು 13 ಮಿಲಿಮೀಟರ್ ತಗ್ಗಿ, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಇನ್ನಷ್ಟು ನೆಟ್ಟಗಾಗುತ್ತದೆ. ಫೋರ್ಕ್ ತಿರುಗುವ ಅಕ್ಷರೇಖೆ ನೆಲವನ್ನು ಸೇರುವ ಬಿಂದುವಿಗೂ ಟೈರು ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರ, ಅಂದರೆ ಟ್ರೇಲ್, ಕುಗ್ಗುವುದರಿಂದ ಗಾಡಿ ತಿರುವುಗಳಲ್ಲಿ ಚುರುಕಾದರೂ ವೇಗದ ನೇರ ಓಟದಲ್ಲಿ ಅದರ ಸ್ಥಿರತೆ ಕಡಿಮೆಯಾಗುತ್ತದೆ. ಹಿಂದಿನ ಚಕ್ರವನ್ನು ಮಾತ್ರ ಚಿಕ್ಕದಾಗಿಸಿದರೆ ಪರಿಣಾಮ ಇದಕ್ಕೆ ವಿರುದ್ಧ. ಜೊತೆಗೆ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕು. ನಮ್ಮ ರಸ್ತೆಗಳ ಗುಂಡಿಗಳನ್ನು ಸಲೀಸಾಗಿ ದಾಟಿಸುವುದು ದೊಡ್ಡ ಚಕ್ರವೇ. ಬುಲೆಟ್‌ನ ಗಂಭೀರ ನಡೆಗೆ ಆ 19 ಇಂಚೇ ಆಧಾರವೆಂದು ನಾನು ದೃಢವಾಗಿ ನಂಬಿದ್ದೇನೆ. ಬದಲಿಸಲೇಬೇಕಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ.