ಸೊಪ್ಪಿನೊಳಗೆ ಮಾತ್ರೆ ಅಂಶ ಇರುತ್ತಾ?

ಪ್ರಶ್ನೆ: ಮೇಡಂ ನಮಸ್ತೆ, ಮನೆ ಮುಂದೆ ಸೊಪ್ಪು ಮಾರ್ಕೊಂಡ್ ಬರೋ ಅಜ್ಜಿ ಹತ್ರಾನೇ ಎಷ್ಟೋ ವರ್ಷದಿಂದ ದಂಟು, ಪಾಲಕ್, ಕೊತ್ತಂಬರಿ ತಗೋತಾ ಇದೀನಿ. ಮೊನ್ನೆ ಪಕ್ಕದ ಮನೆಯವ್ರು, ಅದೆಲ್ಲಾ ಒಳಚರಂಡಿ ನೀರು ಕ್ಲೀನ್ ಮಾಡಿ ಬಿಡ್ತಾರಲ್ಲ ಅದ್ರಲ್ಲಿ ಬೆಳೆದಿದ್ದು, ಜನ ನುಂಗಿದ ಮಾತ್ರೆ ಅಂಶ ಅದ್ರಲ್ಲಿರುತ್ತೆ ಅಂದ್ರು. ನಿಜಾನಾ? ಉಪ್ಪು ಅರಿಶಿನದ ನೀರಲ್ಲಿ ನೆನೆಸಿದ್ರೆ ಹೋಗುತ್ತಾ? ಎರಡು ವರ್ಷದ ಮಗು ಇದೆ, ಸೊಪ್ಪು ಕೊಡೋದನ್ನೇ ನಿಲ್ಸಿಬಿಡ್ಲಾ?
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಸೊಪ್ಪು ನಿಲ್ಸಬೇಡಿಮ್ಮ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಆದ್ರೆ ನಿಮ್ಮ ಪಕ್ಕದ ಮನೆಯವ್ರು ಹೇಳಿದ್ದು ಸುಳ್ಳಲ್ಲ. ನಾವು ನುಂಗಿದ ಮಾತ್ರೆ ಪೂರ್ತಿ ಮೈಯಲ್ಲೇ ಕರಗಿ ಹೋಗಲ್ಲ, ಶುಗರ್‌ಗೆ ಕೊಡೋ ಮೆಟ್‌ಫಾರ್ಮಿನ್ ಅಂತೂ ಹೆಚ್ಚೂ ಕಡಿಮೆ ಹಾಗೇ ಮೂತ್ರದಲ್ಲಿ ಹೊರಗೆ ಬರುತ್ತೆ, ಅಲ್ಲಿಂದ ಒಳಚರಂಡಿ, ಅಲ್ಲಿಂದ ಶುದ್ಧೀಕರಣ ಘಟಕ. ಆ ಘಟಕಗಳನ್ನ ಕಟ್ಟಿರೋದು ಕೊಳೆ, ವಾಸನೆ ತೆಗೆಯೋಕೆ, ಔಷಧಿ ತೆಗೆಯೋಕಲ್ಲ. ಕೆಲವು ಅಲ್ಲಿನ ಬ್ಯಾಕ್ಟೀರಿಯಾಕ್ಕೆ ಆಹಾರ ಆಗಿ ಹೋಗುತ್ತೆ, ಕೆಲವು ಜಪ್ಪಯ್ಯ ಅಂದ್ರೂ ಹೋಗಲ್ಲ, ಫಿಟ್ಸ್‌ಗೆ ಕೊಡೋ ಕಾರ್ಬಮಜೆಪಿನ್ ಆ ಥರದ್ದು.

ಇದು ನೀರಿನ ಜೊತೆ ಬೇರಿಂದ ಮೇಲೇರಿ ಎಲೆಗೆ ಹೋಗುತ್ತೆ, ಎಲೆಯಿಂದ ನೀರು ಆವಿಯಾಗಿ ಹೋದ್ರೂ ಔಷಧಿ ಅಲ್ಲೇ ಉಳಿಯುತ್ತೆ, ಉಪ್ಪುನೀರು ಇಂಗಿದ ಪಾತ್ರೆ ತಳದಲ್ಲಿ ಉಪ್ಪು ಉಳಿಯುತ್ತಲ್ಲ ಹಾಗೆ. ಅದಕ್ಕೇ ಎಳೇ ಎಲೆಗಿಂತ ಬಲಿತ ಎಲೇಲಿ ಜಾಸ್ತಿ. ಒಳಗೇ ಸೇರ್ಕೊಂಡಿರೋದನ್ನ ಉಪ್ಪು ಅರಿಶಿನ ತೆಗೆಯೋಕಾಗಲ್ಲ.

ಇಸ್ರೇಲ್‌ನಲ್ಲಿ ಹೊಲಗಳಿಗೆ ಇಂಥ ನೀರೇ ಜಾಸ್ತಿ. ಅಲ್ಲಿ 34 ಜನ ಆರೋಗ್ಯವಂತರಿಗೆ ಒಂದು ವಾರ ಈ ನೀರಲ್ಲಿ ಬೆಳೆದ ತರಕಾರಿ, ಇನ್ನೊಂದು ವಾರ ಸಿಹಿನೀರಲ್ಲಿ ಬೆಳೆದ ತರಕಾರಿ ಕೊಟ್ಟು ಮೂತ್ರ ಪರೀಕ್ಷೆ ಮಾಡಿದ್ರು, 2016ರಲ್ಲಿ ಪ್ರಕಟ ಆಯ್ತು. ಮೊದಲನೇದು ತಿಂದಾಗ ಕಾರ್ಬಮಜೆಪಿನ್ ಏರಿತ್ತು, ಸಿಹಿನೀರಿನ ತರಕಾರಿಗೆ ಬದಲಾಯಿಸಿದ ಮೇಲೆ ಇಳೀತು. ಆದ್ರೆ ಆ ಪ್ರಮಾಣ, ಮಾತ್ರೆ ತಗೊಳ್ಳೋ ರೋಗಿಗಳಲ್ಲಿ ಇರೋದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ನೀವೇ ಲೆಕ್ಕ ಹಾಕಿ ನೋಡಿ, ಒಂದು ಗ್ರಾಂ ಸೊಪ್ಪಲ್ಲಿ 100 ನ್ಯಾನೋಗ್ರಾಂ (ಹತ್ತು ಲಕ್ಷ ನ್ಯಾನೋಗ್ರಾಂ ಸೇರಿದ್ರೆ ಒಂದು ಮಿಲಿಗ್ರಾಂ) ಇದೆ ಅಂತಿಟ್ಕೊಂಡು ದಿನಾ 100 ಗ್ರಾಂ ತಿಂದ್ರೂ, 200 ಮಿಲಿಗ್ರಾಂನ ಒಂದೇ ಒಂದು ಮಾತ್ರೆಯಷ್ಟು ಆಗೋಕೆ ಸುಮಾರು 55 ವರ್ಷ ಬೇಕು. ಮಗೂಗೆ ಸೊಪ್ಪಿಂದ ಸಿಗೋ ಪೋಷಕಾಂಶ ಬಿಡೋದು ಇದಕ್ಕಿಂತ ದೊಡ್ಡ ನಷ್ಟ.

ನನಗೆ ನಿಜವಾಗ್ಲೂ ಭಯ ಆಗೋದು ಬೇರೆ ಎರಡು ವಿಷಯಕ್ಕೆ. ಒಂದು, ಶುದ್ಧ ಮಾಡದೇ ಇರೋ ಮೋರಿ ನೀರನ್ನೇ ನೇರವಾಗಿ ಹಾಯಿಸೋದು, ಅದ್ರಲ್ಲಿ ಭೇದಿ ತರೋ ಕ್ರಿಮಿ, ಜಂತುಹುಳದ ಮೊಟ್ಟೆ ಇರುತ್ತೆ, ಇದಕ್ಕೆ ಮಾತ್ರ ತೊಳೆಯೋದೂ ಬೇಯಿಸೋದೂ ಖಂಡಿತ ಕೆಲಸಕ್ಕೆ ಬರುತ್ತೆ, ಆದ್ರಿಂದ ಮಗೂಗೆ ಹಸಿ ಕೊತ್ತಂಬರಿ ಉದುರಿಸಿ ಕೊಡೋದು ಬಿಟ್ಟು ಬಸ್ಸಾರು, ಮಸ್ಸೊಪ್ಪು ಮಾಡಿ ಕೊಡಿ. ಇನ್ನೊಂದು ಆಂಟಿಬಯೋಟಿಕ್. ಅದು ಸ್ವಲ್ಪಸ್ವಲ್ಪ ನೀರಲ್ಲಿ ಮಣ್ಣಲ್ಲಿ ಇದ್ರೂ ಅಲ್ಲಿನ ಬ್ಯಾಕ್ಟೀರಿಯಾ ಅದನ್ನ ತಡ್ಕೊಳ್ಳೋದು ಕಲ್ತುಬಿಡುತ್ತೆ, ಆಮೇಲೆ ನಮ್ಮ ಮಕ್ಕಳಿಗೆ ಕಾಯಿಲೆ ಬಂದಾಗ ಅದೇ ಔಷಧಿ ನಾಟಲ್ಲ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇರೋ ಮಾತ್ರೇನ ಡಾಕ್ಟ್ರು ಬರೆದುಕೊಡದೆ ತಗೋಬೇಡಿ, ಡೇಟ್ ಮುಗಿದಿರೋದನ್ನ ಟಾಯ್ಲೆಟ್‌ಗೆ ಹಾಕಿ ನೀರು ಬಿಡಬೇಡಿ ದಯವಿಟ್ಟು. ಯುರೋಪ್‌ನವ್ರು 2024ರಲ್ಲಿ ಕಾನೂನೇ ಮಾಡಿದಾರೆ, ದೊಡ್ಡ ಘಟಕಗಳಲ್ಲಿ ಔಷಧಿ ತೆಗೆಯೋ ಇನ್ನೊಂದು ಹಂತ ಇರಬೇಕು, ಖರ್ಚಲ್ಲಿ ಕನಿಷ್ಠ ಶೇ. 80ರಷ್ಟು ಔಷಧಿ ಮತ್ತು ಕಾಸ್ಮೆಟಿಕ್ಸ್ ಕಂಪನಿಗಳೇ ಕೊಡಬೇಕು ಅಂತ. ನಮ್ಮಲ್ಲೂ ಇದನ್ನ ಜೋರಾಗಿ ಕೇಳಬೇಕು.

ಪ್ರಶ್ನೆ: ನಾಲೆ ನೀರು ನಿಂತಾಗ ನಮ್ಮ ಜಮೀನಿಗೆ ಟೌನ್ ಕಡೆಯಿಂದ ಶುದ್ಧ ಮಾಡಿ ಬಿಡೋ ನೀರೇ ಗತಿ. ಸೊಪ್ಪು ಹಾಕಿದ್ರೆ ಕೈಗೆ ಬೇಗ ಕಾಸು ಬರುತ್ತೆ, ಹಾಕ್ಬೋದಾ?
– ರೈತ, ಮಂಡ್ಯ ತಾಲ್ಲೂಕು

ಉತ್ತರ: ಅಣ್ಣಾ, ನೀರನ್ನ ಬಿಡಬೇಡಿ, ಬೆಳೆ ಬದಲಾಯಿಸಿ. ಬೆಂಗಳೂರಿನ ಇಂಥ ನೀರನ್ನೇ ಕೆ.ಸಿ. ವ್ಯಾಲಿ ಯೋಜನೇಲಿ 2018ರಿಂದ ಕೋಲಾರದ ಕೆರೆಗಳಿಗೆ ತುಂಬಿಸ್ತಾ ಇದಾರೆ, ಬರಗಾಲದ ಸೀಮೆಗೆ ಅದು ಸಣ್ಣ ವಿಷಯ ಅಲ್ಲ. ಔಷಧಿ ಅಂಶ ಎಲ್ಲಕ್ಕಿಂತ ಜಾಸ್ತಿ ಸೇರೋದು ಸೊಪ್ಪಿಗೆ, ಆಮೇಲೆ ಮೂಲಂಗಿ ಕ್ಯಾರೆಟ್ ಥರದ ಗೆಡ್ಡೆಗೆ, ಕಾಳಿಗೆ ಕಡಿಮೆ, ಬದನೆ ಟೊಮೆಟೊ ಥರ ಕಾಯಿಗೆ ಇನ್ನೂ ಕಡಿಮೆ. ಹಾಗಾಗಿ ಸೊಪ್ಪು, ಮೂಲಂಗಿ ಬೇಡ. ತೆಂಗು, ಕಬ್ಬು, ಹೂವು ಇಟ್ಕೊಳ್ಳಿ, ಬದನೆ ಹಾಕೋದಾದ್ರೆ ಡ್ರಿಪ್ ಮಾಡಿ, ಕಾಯಿಗೆ ನೀರು ತಾಕಬಾರದು. ಈ ನೀರಲ್ಲಿ ಸಾರಜನಕ ಮೊದಲೇ ಇರುತ್ತೆ, ಯೂರಿಯಾ ಕಡಿಮೆ ಮಾಡಿ, ಇಲ್ಲಾಂದ್ರೆ ಭತ್ತ ಬಿದ್ದೋಗುತ್ತೆ, ಕಬ್ಬಲ್ಲಿ ಸಕ್ಕರೆ ಇಳುವರಿ ಇಳಿಯುತ್ತೆ. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಹಾಕಿ, ಕಾರ್ಬಮಜೆಪಿನ್ ಥರದ್ದನ್ನ ಅಂಥ ಮಣ್ಣು ಹಿಡಿದಿಟ್ಕೊಳ್ಳುತ್ತೆ, ಬೇರಿಗೆ ಸಿಗೋದು ಕಡಿಮೆ ಆಗುತ್ತೆ. ನೀರು ಕಟ್ಟೋವಾಗ ಕಾಲಿಗೆ ಗಮ್‌ಬೂಟ್ ಇರಲಿ.